ಕಚೇರಿಗೂ ಅದೇ ಕಾರು, ಓಟದ ಹಾದಿಗೂ ಅದೇ ಕಾರು

ಎತ್ತಿನ ಗಾಡಿಗೆ ಕಟ್ಟುವ ಎತ್ತೇ ಬೇರೆ, ಓಟದ ಪಂದ್ಯಕ್ಕೆ ಬಿಡುವ ಎತ್ತೇ ಬೇರೆ ಎಂಬುದು ನಮ್ಮ ರೈತರಿಗೆ ಹೊಸ ಸಂಗತಿಯಲ್ಲ. ಆದರೆ ಒಂದೇ ಕಾರಿನಲ್ಲಿ ವಾರದ ಐದು ದಿನ ಕಚೇರಿಗೆ ಹೋಗಿ ಬಂದು, ಆರನೆಯ ದಿನ ಅದನ್ನೇ ಓಟದ ಹಾದಿಯ ಮೇಲೆ ಗಂಟೆಗೆ 180 ಕಿಲೋಮೀಟರ್ ವೇಗದಲ್ಲಿ ಓಡಿಸಬೇಕೆಂದು ಬಯಸುವವರು ಹಲವು ದೇಶಗಳಲ್ಲಿ ಇದ್ದಾರೆ. ಅಂಥ ಕಾರನ್ನು ಹೊಸದಾಗಿ ಕೊಳ್ಳುವಷ್ಟು ಹಣವಿಲ್ಲದ ತರುಣರು, ಮತ್ತೊಬ್ಬರು ಬಳಸಿ ತಮಗೆ ಬೇಕಾದಂತೆ ಮಾರ್ಪಡಿಸಿದ ಕಾರನ್ನು ಹುಡುಕುತ್ತಾರೆ. ಈ ಕೊಳ್ಳುವಿಕೆಯ ಹಿಂದೆ ಅಡಗಿರುವ ಭೌತವಿಜ್ಞಾನವನ್ನು ನಾವು ಈ ಲೇಖನದಲ್ಲಿ ಪರಿಶೀಲಿಸೋಣ. ನಮ್ಮ ಕಾಲೇಜು ತರಗತಿಗಳಲ್ಲಿ ಕಲಿಸುವ ಸೂತ್ರಗಳಿಗಿಂತ ಹೆಚ್ಚಿನದೇನೂ ಇದಕ್ಕೆ ಬೇಕಾಗುವುದಿಲ್ಲ.

ಬ್ರಿಟನ್ನಿನ ಉದಾಹರಣೆಯನ್ನು ತೆಗೆದುಕೊಳ್ಳೋಣ. ಅಲ್ಲಿ ಸಿಲ್ವರ್‌ಸ್ಟೋನ್, ಬ್ರ್ಯಾಂಡ್ಸ್ ಹ್ಯಾಚ್ ಮೊದಲಾದ ಪ್ರಸಿದ್ಧ ರೇಸ್ ಟ್ರ್ಯಾಕುಗಳು ಕೆಲವು ದಿನ ಸಾರ್ವಜನಿಕರಿಗೆ ತೆರೆದಿರುತ್ತವೆ. ಶುಲ್ಕ ತೆತ್ತವರು ತಮ್ಮ ಸ್ವಂತ ಕಾರನ್ನು ಅಲ್ಲಿ ಓಡಿಸಬಹುದು. ಇದಕ್ಕೆ ‘ಟ್ರ್ಯಾಕ್ ಡೇ’ ಎಂದು ಹೆಸರು. ಇದು ಪಂದ್ಯವಲ್ಲ, ಇಲ್ಲಿ ಗೆಲ್ಲುವವರೂ ಇಲ್ಲ, ಸೋಲುವವರೂ ಇಲ್ಲ. ಮುಂದಿನವನು ಸನ್ನೆ ಮಾಡಿ ದಾರಿ ಬಿಟ್ಟ ಮೇಲೆಯೇ ಹಿಂದಿನವನು ಮುಂದಕ್ಕೆ ಹೋಗಬೇಕು.

ಇಂಥ ಕೆಲಸಕ್ಕೆ ಜನ ಮೆಚ್ಚಿಕೊಂಡ ಕಾರುಗಳಲ್ಲಿ ಟೊಯೊಟಾ ಜಿಟಿ 86 ಒಂದು. ಟೊಯೊಟಾ ಮತ್ತು ಸುಬಾರು ಕಂಪನಿಗಳು ಕೂಡಿ ರೂಪಿಸಿದ ಈ ಎರಡು ಬಾಗಿಲಿನ ಕೂಪೆ 2012ರಲ್ಲಿ ಮಾರುಕಟ್ಟೆಗೆ ಬಂದಿತು; 2021ರಲ್ಲಿ ಎರಡನೆಯ ಪೀಳಿಗೆಗೆ ಎಡೆಮಾಡಿಕೊಟ್ಟಿತು. ಮೊದಲನೆಯ ಪೀಳಿಗೆಯ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳು, ಎರಡೆರಡು ಎದುರುಬದುರಾಗಿ ಮಲಗಿವೆ. ಸಿಲಿಂಡರಿನ ವ್ಯಾಸ 86 ಮಿಲಿಮೀಟರ್. ಪಿಸ್ಟನ್ನು ಚಲಿಸುವ ದೂರವೂ 86 ಮಿಲಿಮೀಟರ್. ವಿದ್ಯಾರ್ಥಿಗಳು ತಾವೇ ಗುಣಿಸಿ ನೋಡಿದರೆ ಎಂಜಿನ್ನಿನ ಒಟ್ಟು ಗಾತ್ರ 1998 ಘನ ಸೆಂಟಿಮೀಟರ್ ಎಂಬುದು ಸಿದ್ಧವಾಗುತ್ತದೆ. ಶಕ್ತಿ 200 ಅಶ್ವಶಕ್ತಿ. ತೂಕ ಸುಮಾರು 1,250 ಕಿಲೋಗ್ರಾಂ. ಮಲಗಿದ ಎಂಜಿನ್ನಿನಿಂದಾಗಿ ಕಾರಿನ ಗುರುತ್ವಕೇಂದ್ರ ನೆಲದಿಂದ ಅರ್ಧ ಮೀಟರಿಗೂ ಕಡಮೆ ಎತ್ತರದಲ್ಲಿದೆ.

ಇಂಥ ಕಾರನ್ನು ಕೊಂಡ ಮೊದಲ ಒಡೆಯ ಸುಮ್ಮನಿರುವುದಿಲ್ಲ. ಗಟ್ಟಿ ಸ್ಪ್ರಿಂಗು ಹಾಕಿಸಿ ಕಾರನ್ನು ನೆಲಕ್ಕೆ ಇಳಿಸುತ್ತಾನೆ. ಟರ್ಬೊ ಜೋಡಿಸಿ ಶಕ್ತಿಯನ್ನು ಹೆಚ್ಚಿಸುತ್ತಾನೆ. ಹೊಗೆ ಕೊಳವೆಯನ್ನು ಬದಲಿಸುತ್ತಾನೆ. ಆಮೇಲೆ ಒಂದು ದಿನ ಮಾರುತ್ತಾನೆ. ಕೊಳ್ಳುವವನು ಇವುಗಳನ್ನೆಲ್ಲ ಲಾಭವೆಂದೇ ಎಣಿಸುತ್ತಾನೆ. ಅವು ನಿಜವಾಗಿಯೂ ಲಾಭವೇ?

ಸ್ಪ್ರಿಂಗಿನ ಲೆಕ್ಕ

ಕಾರಿನ ಮೈ ಸ್ಪ್ರಿಂಗುಗಳ ಮೇಲೆ ಕುಳಿತ ಒಂದು ತೂಕ. ಅದನ್ನು ಅದುಮಿ ಬಿಟ್ಟರೆ ಅದು ಒಂದು ನಿಶ್ಚಿತ ಆವೃತ್ತಿಯಲ್ಲಿ ಮೇಲೆ ಕೆಳಗೆ ಆಡುತ್ತದೆ. ದಿನಬಳಕೆಯ ಕಾರುಗಳಲ್ಲಿ ಈ ಆಟ ಸೆಕೆಂಡಿಗೆ ಸುಮಾರು ಒಂದೂಕಾಲು ಸಲ. ಓಟದ ಹಾದಿಗೆಂದು ಬಿಗಿ ಮಾಡಿದ ಕಾರಿನಲ್ಲಿ ಅದು ಎರಡೂವರೆ ಸಲ ಎಂದಿಟ್ಟುಕೊಳ್ಳೋಣ. ಆವೃತ್ತಿಯು ಸ್ಪ್ರಿಂಗಿನ ಬಿಗಿತದ ವರ್ಗಮೂಲಕ್ಕೆ ಅನುಗುಣವಾಗಿರುವುದರಿಂದ, ಆವೃತ್ತಿ ಇಮ್ಮಡಿಯಾಗಬೇಕಾದರೆ ಬಿಗಿತ ನಾಲ್ಕು ಮಡಿಯಾಗಬೇಕು. ಮೊದಲನೆಯ ಸ್ಪ್ರಿಂಗು ಕಾರಿನ ಭಾರಕ್ಕೆ 16 ಸೆಂಟಿಮೀಟರ್ ಕುಗ್ಗಿದರೆ ಎರಡನೆಯದು ಕುಗ್ಗುವುದು 4 ಸೆಂಟಿಮೀಟರ್ ಮಾತ್ರ. ರಸ್ತೆಯ ಪ್ರತಿಯೊಂದು ಉಬ್ಬೂ ಇನ್ನು ನಾಲ್ಕು ಪಟ್ಟು ಬಲದಿಂದ ಮೈಯನ್ನು ತಳ್ಳುತ್ತದೆ. ಕುಳಿತ ಮನುಷ್ಯನ ದೇಹಕ್ಕೆ ಅತ್ಯಂತ ಅಹಿತವಾದುದು ಸೆಕೆಂಡಿಗೆ 4ರಿಂದ 8 ಸಲದ ಮೇಲು ಕೆಳಗಿನ ಕಂಪನ; ಬಿಗಿ ಕಾರು ಆ ಪ್ರದೇಶದ ಕಡೆಗೆ ಸರಿದಿರುತ್ತದೆ. ಕಚೇರಿಗೆ ಹೋಗುವ ದಾರಿ ದಿನಕ್ಕೆ ಒಂದು ಗಂಟೆಯದಾದರೆ ಬೆನ್ನು ಇದನ್ನು ಬೇಗನೆ ಅರಿಯುತ್ತದೆ.

ಕಾರನ್ನು ಇಳಿಸಿದ್ದರಿಂದ ಬಂದ ಫಲವೆಷ್ಟು? ತಿರುವಿನಲ್ಲಿ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಜಾರುವ ಭಾರ ಗುರುತ್ವಕೇಂದ್ರದ ಎತ್ತರಕ್ಕೆ ಅನುಗುಣವಾಗಿದೆ. ಆ ಎತ್ತರ ಸುಮಾರು 48 ಸೆಂಟಿಮೀಟರ್ ಎಂದು ಹಿಡಿದರೆ, 3 ಸೆಂಟಿಮೀಟರ್ ಇಳಿಸಿದಾಗ ಜಾರುವ ಭಾರ ಕಡಮೆಯಾಗುವುದು ಶೇಕಡ 6ರಷ್ಟು ಮಾತ್ರ. ಆದರೆ ಸ್ಪ್ರಿಂಗು ಕುಗ್ಗಲು ಇದ್ದ ಎಡೆಯಲ್ಲಿ ಆ 3 ಸೆಂಟಿಮೀಟರ್ ಪೂರ್ತಿಯಾಗಿ ಹೋಗುತ್ತದೆ.

ಇನ್ನೊಂದು ಮಾತನ್ನು ಮರೆಯಬಾರದು. ಕಂಪನವನ್ನು ಅಡಗಿಸುವ ಷಾಕ್ ಅಬ್ಸಾರ್ಬರನ್ನು ಸ್ಪ್ರಿಂಗಿಗೆ ತಕ್ಕಂತೆ ಬದಲಿಸಬೇಕು. ಬಿಗಿತ ನಾಲ್ಕು ಮಡಿಯಾದರೆ ಅಡಗಿಸುವ ಬಲ ಇಮ್ಮಡಿಯಾಗಬೇಕೆಂದು ಸೂತ್ರ ಹೇಳುತ್ತದೆ. ಹಣ ಉಳಿಸಲೆಂದು ಸ್ಪ್ರಿಂಗನ್ನು ಮಾತ್ರ ಬದಲಿಸಿದ ಕಾರು ಉಬ್ಬು ದಾಟಿದ ಮೇಲೂ ಕುಣಿಯುತ್ತಲೇ ಇರುತ್ತದೆ. ಕುಣಿಯುವ ಚಕ್ರಕ್ಕೆ ನೆಲದ ಹಿಡಿತ ಕಡಮೆ. ನೋಡಲು ಓಟದ ಕಾರಿನಂತಿದ್ದರೂ ತಿರುವಿನಲ್ಲಿ ಅದು ಕಾರ್ಖಾನೆಯಿಂದ ಬಂದ ಸ್ಥಿತಿಗಿಂತ ಕೀಳಾಗಿರಬಹುದು.

ಹೆಚ್ಚಿಸಿದ ಶಕ್ತಿ

ಈ ಎಂಜಿನ್ನು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಹನ್ನೆರಡೂವರೆಯಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಶಾಖ ಹೊರಹೋಗದಂತೆ ಗಾಳಿಯನ್ನು ಒತ್ತಿದಾಗ ಅದರ ಉಷ್ಣತೆ ಏರುತ್ತದೆ. ಸೈಕಲ್ಲಿನ ಪಂಪು ಬಿಸಿಯಾಗುವುದು ಹೀಗೆಯೇ. ಆದರ್ಶ ಗಾಳಿಯ ಸೂತ್ರದಂತೆ, 300 ಕೆಲ್ವಿನ್ ಉಷ್ಣತೆಯಲ್ಲಿ ಒಳಬಂದ ಗಾಳಿ ಇಷ್ಟು ಒತ್ತಿದಾಗ ಸುಮಾರು 824 ಕೆಲ್ವಿನ್ ಆಗುತ್ತದೆ. ಟರ್ಬೊ ಮೊದಲೇ ಗಾಳಿಯನ್ನು ಒತ್ತಿ ಬಿಸಿಮಾಡಿ ಕಳುಹಿಸುತ್ತದೆ. ಅದು 330 ಕೆಲ್ವಿನ್ ಆಗಿ ಬಂದರೆ ಕೊನೆಯ ಉಷ್ಣತೆ 906 ಕೆಲ್ವಿನ್. ಬಾಗಿಲಲ್ಲಿ 30 ಡಿಗ್ರಿ ಹೆಚ್ಚಿದರೆ ಒಳಗೆ 82 ಡಿಗ್ರಿ ಹೆಚ್ಚುತ್ತದೆ. ನಿಜವಾದ ಮಿಶ್ರಣದಲ್ಲಿ ಅಂಕಿಗಳು ಸ್ವಲ್ಪ ಕಡಮೆಯಾಗಿರುತ್ತವೆಯಾದರೂ ನಿಯಮ ಒಂದೇ.

ಈ ಉಷ್ಣತೆ ಮತ್ತು ಒತ್ತಡಗಳು ಮಿತಿ ಮೀರಿದರೆ ಮಿಶ್ರಣದ ಒಂದು ಭಾಗ ಕಿಡಿಯ ಜ್ವಾಲೆ ಮುಟ್ಟುವ ಮೊದಲೇ ತಾನಾಗಿ ಸಿಡಿಯುತ್ತದೆ. ಸುತ್ತಿಗೆಯಿಂದ ಹೊಡೆದಂತೆ ಪಿಸ್ಟನ್ನಿಗೆ ಪೆಟ್ಟು ಬೀಳುತ್ತದೆ. ಆದ್ದರಿಂದಲೇ ಟರ್ಬೊ ಹಾಕಿದ ಎಂಜಿನ್ನಿನ ಆಯುಸ್ಸು ಅದರ ಹೊಂದಾಣಿಕೆ ಮಾಡಿದವನ ಕೌಶಲವನ್ನು ಅವಲಂಬಿಸಿದೆ. ಆ ಕೆಲಸ ಮಾಡಿದವರು ಯಾರು, ಎಂದು ಮಾಡಿದರು ಎಂಬುದಕ್ಕೆ ಕಾಗದಪತ್ರ ಇಲ್ಲದ ಕಾರನ್ನು ಬಿಡುವುದೇ ಲೇಸು. 2012–13ರಲ್ಲಿ ತಯಾರಾದ ಹಲವು ಕಾರುಗಳ ಎಂಜಿನ್ನಿನ ವಾಲ್ವ್ ಸ್ಪ್ರಿಂಗುಗಳನ್ನು ಬದಲಿಸಲು ತಯಾರಕರು 2018ರ ಕೊನೆಯಲ್ಲಿ ಕಾರುಗಳನ್ನು ಹಿಂದಕ್ಕೆ ಕರೆಸಿದರು. ಆ ಕೆಲಸ ಆಗಿದೆಯೇ ಎಂಬುದನ್ನೂ ಕೇಳಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಬ್ರೇಕು

ಈಗ ಜೀವಕ್ಕೆ ಸಂಬಂಧಿಸಿದ ವಿಷಯಕ್ಕೆ ಬರೋಣ. ಚಾಲಕನೂ ಸೇರಿ ಕಾರಿನ ದ್ರವ್ಯರಾಶಿ 1,300 ಕಿಲೋಗ್ರಾಂ ಎಂದಿರಲಿ. ಪೇಟೆಯಲ್ಲಿ ಗಂಟೆಗೆ 54 ಕಿಲೋಮೀಟರ್ ವೇಗದಿಂದ ಅದನ್ನು ನಿಲ್ಲಿಸಿದರೆ ಬ್ರೇಕುಗಳು ಸುಮಾರು 1,46,000 ಜೂಲ್ ಚಲನಶಕ್ತಿಯನ್ನು ಶಾಖವಾಗಿ ಪರಿವರ್ತಿಸುತ್ತವೆ. ಓಟದ ಹಾದಿಯಲ್ಲಿ ಉದ್ದನೆಯ ನೇರ ದಾರಿ ಮುಗಿದು ತಿರುವು ಬಂದಾಗ 180ರಿಂದ 72 ಕಿಲೋಮೀಟರಿಗೆ ಇಳಿಸಬೇಕೆನ್ನೋಣ. ಆಗ ಶಾಖವಾಗುವ ಶಕ್ತಿ 13,65,000 ಜೂಲ್. ಎಂದರೆ ಒಂಬತ್ತು ಪಟ್ಟಿಗೂ ಹೆಚ್ಚು. ನಾಲ್ಕು ಲೀಟರಿಗೂ ಹೆಚ್ಚು ನೀರನ್ನು 25 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ಇಷ್ಟು ಶಾಖ ಸಾಕು. ಒಲೆಯ ಮೇಲೆ ಬಹಳ ಹೊತ್ತು ಹಿಡಿಯುವ ಈ ಕೆಲಸ ಇಲ್ಲಿ ಕೆಲವೇ ಸೆಕೆಂಡುಗಳಲ್ಲಿ ನಡೆಯುತ್ತದೆ.

ಇದರ ಶೇಕಡ 70 ಭಾಗ ಮುಂದಿನ ಎರಡು ಬ್ರೇಕು ತಟ್ಟೆಗಳಿಗೆ ಹೋಗುತ್ತದೆ, ಪ್ರತಿಯೊಂದು ತಟ್ಟೆಯೂ 7 ಕಿಲೋಗ್ರಾಂ ಕಬ್ಬಿಣದ್ದು ಎಂದು ಕಲ್ಪಿಸಿಕೊಂಡರೆ, ಒಂದೇ ಸಲ ಬ್ರೇಕು ಒತ್ತಿದಾಗ ತಟ್ಟೆಗಳ ಉಷ್ಣತೆ ಸುಮಾರು 150 ಡಿಗ್ರಿ ಏರುತ್ತದೆ. ಅವು ತಣಿಯುವ ಮೊದಲೇ ಮುಂದಿನ ತಿರುವು ಬರುತ್ತದೆ. ನಾಲ್ಕಾರು ತಿರುವುಗಳಾದ ಮೇಲೆ ಈ ಶಾಖ ಬ್ರೇಕಿನೊಳಗಿನ ದ್ರವಕ್ಕೂ ಮುಟ್ಟುತ್ತದೆ.

ಈ ದ್ರವಕ್ಕೆ ಗಾಳಿಯಲ್ಲಿರುವ ತೇವವನ್ನು ಹೀರುವ ಗುಣವಿದೆ. ‘ಡಾಟ್ 4’ ಎಂಬ ದರ್ಜೆಯ ದ್ರವ ಹೊಸದಾಗಿದ್ದಾಗ ಕನಿಷ್ಠಪಕ್ಷ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ನೂರರಲ್ಲಿ ಸುಮಾರು ನಾಲ್ಕು ಪಾಲು ನೀರು ಸೇರಿದ ಮೇಲೆ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಕುದಿದ ದ್ರವದಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಚಾಲಕ ಕಾಲಿನಿಂದ ಪೆಡಲನ್ನು ಒತ್ತಿದರೆ ಗುಳ್ಳೆಗಳು ಕುಗ್ಗುತ್ತವೆಯೇ ಹೊರತು ಬ್ರೇಕು ಹಿಡಿಯುವುದಿಲ್ಲ. ಪೆಡಲು ನೆಲಕ್ಕೆ ಇಳಿದುಹೋಗುತ್ತದೆ. ತಿರುವು ಮಾತ್ರ ಎದುರಿಗೇ ಇರುತ್ತದೆ.

ಇದರಲ್ಲಿ ಒಂದು ಮೋಸವಿದೆ. ಕಾರು ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗುತ್ತದೆ; ಪೆಡಲು ಬಹುಮಟ್ಟಿಗೆ ಎಂದಿನಂತೆ ಗಟ್ಟಿಯಾಗುತ್ತದೆ. ಮಾರುವವನ ಮನೆಯ ಮುಂದೆ ಹತ್ತು ನಿಮಿಷ ಓಡಿಸಿ ನೋಡಿದವನಿಗೆ ಈ ದೋಷ ಕಾಣಲಾರದು. ಆದ್ದರಿಂದ ಕಾರನ್ನು ಕೊಂಡವನು ಓಟದ ಹಾದಿಗೆ ಇಳಿಯುವ ಮೊದಲು ದ್ರವವನ್ನು ಪೂರ್ತಿಯಾಗಿ ಬದಲಿಸಲೇಬೇಕು. ಟರ್ಬೊಗೆ ತಗಲುವ ಖರ್ಚಿನ ಮುಂದೆ ಇದು ಅತ್ಯಲ್ಪ.

ಟರ್ಬೊ ಮತ್ತು ಬ್ರೇಕುಗಳ ಸಂಬಂಧವನ್ನೂ ಇಲ್ಲಿಯೇ ನೋಡಬಹುದು. ಹೆಚ್ಚಿದ ಶಕ್ತಿಯಿಂದ ನೇರ ದಾರಿಯ ಕೊನೆಯಲ್ಲಿ ವೇಗ 180ರಿಂದ 198ಕ್ಕೆ ಏರಿತೆನ್ನೋಣ. ವೇಗ ಹೆಚ್ಚಿದ್ದು ಶೇಕಡ 10. ಬ್ರೇಕಿಗೆ ಬಿದ್ದ ಶಾಖ ಹೆಚ್ಚಿದ್ದು ಶೇಕಡ 25. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವೆಂಬ ನಿಯಮಕ್ಕೆ ಇದಕ್ಕಿಂತ ಕಠಿಣವಾದ ಉದಾಹರಣೆ ಬೇಕಿಲ್ಲ. ಎಂಜಿನ್ನನ್ನು ಬಲಪಡಿಸಿ ಬ್ರೇಕನ್ನು ಹಾಗೆಯೇ ಬಿಟ್ಟವನು ಸಾಲವನ್ನು ಹೆಚ್ಚಿಸಿ ಆದಾಯವನ್ನು ಮರೆತವನಂತೆ.

ಹಾಗೆಂದು ಓಟದ ಬ್ರೇಕು ಪ್ಯಾಡುಗಳನ್ನು ಹಾಕಿಸಿಬಿಟ್ಟರೆ ಮುಗಿಯಿತೆನ್ನುವಂತಿಲ್ಲ. ಅವುಗಳಲ್ಲಿ ಬಹುಪಾಲು ಬಿಸಿಯಾದಾಗ ಚೆನ್ನಾಗಿ ಹಿಡಿಯುವಂತೆ ತಯಾರಾದವು. ಇಂಗ್ಲೆಂಡಿನ ಚಳಿಗಾಲದ ಬೆಳಗ್ಗೆ, ಕಚೇರಿಯ ದಾರಿಯಲ್ಲಿ ಮೊದಲ ಸಲ ಬ್ರೇಕು ಒತ್ತಿದಾಗ ಅವು ತಣ್ಣಗಿರುತ್ತವೆ, ಹಿಡಿತ ಕಡಮೆ. ಟೈರುಗಳ ಮಾತೂ ಹೀಗೆಯೇ. ಓಟದ ಟೈರಿನಲ್ಲಿ ಗೀರುಗಳು ಕಡಮೆ. ಒಣ ನೆಲದಲ್ಲಿ ಹಿಡಿತ ಹೆಚ್ಚು, ಮಳೆನೀರನ್ನು ಹೊರದೂಡುವ ಶಕ್ತಿ ಕಡಮೆ. ಟೈರಿನ ವಯಸ್ಸನ್ನೂ ನೋಡಬೇಕು. ಅದರ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳು 2319 ಎಂದಿದ್ದರೆ ಅದು 2019ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದುದೆಂದು ಅರ್ಥ.

ಕೊಳ್ಳುವವನು ಏನು ಮಾಡಬೇಕು?

ಹಿಂದಿನ ಒಡೆಯ ತನ್ನ ಹಣವನ್ನು ಎಲ್ಲಿ ಸುರಿದಿದ್ದಾನೆಂಬುದನ್ನು ಮೊದಲು ನೋಡಬೇಕು. ಬ್ರೇಕು, ಟೈರು, ಎಣ್ಣೆ ಬದಲಾವಣೆಗಳಿಗೆ ರಸೀತಿಗಳಿದ್ದರೆ ಅವನು ತಿಳಿದವನು. ಶಕ್ತಿಗೂ ಸದ್ದಿಗೂ ಮಾತ್ರ ಖರ್ಚು ಮಾಡಿದ್ದರೆ ಎಚ್ಚರದಿಂದಿರಬೇಕು. ಬ್ರಿಟನ್ನಿನ ಅನೇಕ ಟ್ರ್ಯಾಕುಗಳಲ್ಲಿ ಸದ್ದಿಗೂ ಮಿತಿಯುಂಟು. ನಿಂತ ಕಾರಿನ ಪರೀಕ್ಷೆಯಲ್ಲಿ 105 ಡೆಸಿಬೆಲ್ ಎಂಬುದು ಸಾಮಾನ್ಯವಾದ ಮಿತಿ. 3 ಡೆಸಿಬೆಲ್ ಹೆಚ್ಚಾದರೆ ಶಬ್ದಶಕ್ತಿ ಇಮ್ಮಡಿ. ಮಿತಿ ಮೀರಿದವನು ಶುಲ್ಕ ತೆತ್ತರೂ ಹಿಂದಿರುಗಬೇಕಾದೀತು. ಆ ದೇಶದಲ್ಲಿ ಮೂರು ವರ್ಷ ದಾಟಿದ ಕಾರುಗಳಿಗೆ ಪ್ರತಿವರ್ಷ ನಡೆಯುವ ಸರ್ಕಾರಿ ತಪಾಸಣೆಯ ಇತಿಹಾಸವನ್ನು ನೋಂದಣಿ ಸಂಖ್ಯೆಯಿಂದ ಯಾರು ಬೇಕಾದರೂ ನೋಡಬಹುದು. ವಿಮೆಯವರಿಗೆ ಪ್ರತಿಯೊಂದು ಮಾರ್ಪಾಡನ್ನೂ ತಿಳಿಸಬೇಕು. ಸಾಮಾನ್ಯ ವಿಮೆ ಟ್ರ್ಯಾಕ್ ಡೇಗೆ ಅನ್ವಯಿಸುವುದು ವಿರಳ. ತೆಗೆದಿಟ್ಟ ಮೂಲ ಭಾಗಗಳನ್ನೂ ಕೇಳಿ ಪಡೆಯುವುದು ಜಾಣತನ; ಕಾರನ್ನು ಮತ್ತೆ ಕಚೇರಿಯ ದಾರಿಗೆ ಒಗ್ಗಿಸಲು ಅವು ಬೇಕಾಗುತ್ತವೆ.

ನಮ್ಮ ವಾಚಕರಲ್ಲಿ ಕೆಲವರಿಗೆ ಇಲ್ಲಿಯೇ ಹೀಗೆ ಮಾಡಬಹುದೇ ಎಂಬ ಪ್ರಶ್ನೆ ಏಳಬಹುದು. ಟೊಯೊಟಾ ಕಂಪನಿಯ ಕಾರ್ಖಾನೆ ನಮ್ಮ ಬಿಡದಿಯಲ್ಲಿಯೇ ಇದ್ದರೂ ಜಿಟಿ 86 ಅಲ್ಲಿ ತಯಾರಾಗಲಿಲ್ಲ. ಅದು ಹುಟ್ಟಿದ್ದು ಜಪಾನಿನಲ್ಲಿರುವ ಸುಬಾರು ಕಾರ್ಖಾನೆಯಲ್ಲಿ. ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈಯಲ್ಲಿ 1990ರಿಂದ ಓಟದ ಹಾದಿ ಇದೆ. ಆದರೆ ರಸ್ತೆಯ ಮೇಲೆ ಓಡುವ ವಾಹನವನ್ನು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಅಡ್ಡಿಯಾಗಿದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ.

ಕಾನೂನು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಚಲನಶಕ್ತಿಯ ಸೂತ್ರ ಬದಲಾಗುವುದಿಲ್ಲ. ಹಳೆಯ ಸ್ಕೂಟರನ್ನು ಕೊಳ್ಳುವ ವಿದ್ಯಾರ್ಥಿಗೂ ಅದು ಅಷ್ಟೇ ಅನ್ವಯಿಸುತ್ತದೆ. ಎಷ್ಟು ಬೇಗ ಓಡುತ್ತದೆ ಎಂದು ಕೇಳುವ ಮೊದಲು ಎಷ್ಟು ಸಲ ನಿಲ್ಲಬಲ್ಲದು ಎಂದು ಕೇಳುವುದು ವಿವೇಕ.