ಬೆಚ್ಚುವ ಕೂಸು, ಕಹಿಯ ಬೀಜ

ಅಡುಗೆಮನೆಯಲ್ಲಿ ತಟ್ಟೆಯೊಂದು ಜಾರಿ ನೆಲಕ್ಕೆ ಬೀಳುತ್ತದೆ. ನಡುಮನೆಯ ತೊಟ್ಟಿಲಲ್ಲಿದ್ದ ಕೂಸು ಬೆಚ್ಚಿ, ಎರಡು ಕೈಗಳನ್ನೂ ಹರವಿ, ಮರುಕ್ಷಣವೇ ಅವನ್ನು ಒಳಕ್ಕೆಳೆದುಕೊಂಡು ಅಳತೊಡಗುತ್ತದೆ. ಅಜ್ಜಿ ಬಂದು ಎದೆಯ ಮೇಲೆ ಕೈಯಿಟ್ಟು ಮೆಲ್ಲನೆ ತಟ್ಟುತ್ತಾಳೆ, ಕೂಸು ಸುಮ್ಮನಾಗುತ್ತದೆ. ಯಾವ ಮನೆಯಲ್ಲಿ ಇದು ನಡೆಯುವುದಿಲ್ಲ? ಬೆಚ್ಚುವುದು ಜೀವಕ್ಕೆ ಸಹಜವಾದ ಧರ್ಮ. ಅಪಾಯ ಯಾವುದೆಂದು ಬುದ್ಧಿಗೆ ತಿಳಿಯುವ ಮೊದಲೇ ಶರೀರವು ತನ್ನನ್ನು ತಾನು ಕಾಪಾಡಿಕೊಳ್ಳಲು ಸಿದ್ಧವಾಗುವ ಬಗೆ ಅದು.

ಆದರೆ ಕೆಲವೇ ಕೆಲವು ಶಿಶುಗಳಲ್ಲಿ ಈ ಬೆಚ್ಚುವಿಕೆ ಇಷ್ಟಕ್ಕೆ ಮುಗಿಯುವುದಿಲ್ಲ. ಹುಟ್ಟಿದಂದಿನಿಂದಲೇ ಅವುಗಳ ಮೈ ಮರದ ಕೊರಡಿನಂತೆ ಬಿಗಿದಿರುತ್ತದೆ. ನಿದ್ರೆಯಲ್ಲಿ ಮಾತ್ರ ಸಡಿಲಗೊಳ್ಳುತ್ತದೆ. ಮೂಗಿನ ಮೇಲೆ ಬೆರಳಿನಿಂದ ಮೆಲ್ಲನೆ ತಟ್ಟಿದರೆ ತಲೆ ಹಿಂದಕ್ಕೆ ಸೆಳೆಯುತ್ತದೆ. ಇತರ ಮಕ್ಕಳಿಗೆ ನಾಲ್ಕಾರು ಸಲ ತಟ್ಟುವಷ್ಟರಲ್ಲಿ ಅದು ಅಭ್ಯಾಸವಾಗಿಬಿಡುತ್ತದೆ. ಈ ಮಕ್ಕಳಿಗೆ ಎಷ್ಟು ಸಲ ತಟ್ಟಿದರೂ ಆಗದು. ಬಾಗಿಲು ಬಡಿದ ಸದ್ದಿಗೋ, ಸ್ನಾನದ ನೀರು ಮೈಗೆ ಸೋಕಿದುದಕ್ಕೋ ಸ್ನಾಯುಗಳೆಲ್ಲ ಒಮ್ಮೆಲೇ ಸೆಟೆದುಕೊಂಡು, ಉಸಿರೇ ನಿಂತು, ಮುಖ ನೀಲಿಗಟ್ಟುವುದೂ ಉಂಟು. ಈ ವ್ಯಾಧಿಗೆ ವೈದ್ಯರು ‘ಹೈಪರೆಕ್‌ಪ್ಲೆಕ್ಸಿಯ’ ಎಂದು ಹೆಸರಿಟ್ಟಿದ್ದಾರೆ. ಅತಿಯಾಗಿ ಬೆಚ್ಚುವ ರೋಗವೆಂದರೆ ಸಾಕು.

ಬೀಳುವ ಕುಟುಂಬಗಳು

1958ರಲ್ಲಿ ಸ್ವೀಡನ್ನಿನ ವೈದ್ಯರಿಬ್ಬರು ಒಂದು ವಿಚಿತ್ರ ಕುಟುಂಬದ ವೃತ್ತಾಂತವನ್ನು ಪ್ರಕಟಿಸಿದರು. ಮನಸ್ಸು ಕಲಕುವಂಥದೇನಾದರೂ ಥಟ್ಟನೆ ಒದಗಿದರೆ ಆ ಮನೆಯವರು ನಿಂತಲ್ಲೇ ಬಿದ್ದುಬಿಡುತ್ತಿದ್ದರು. 1966ರಲ್ಲಿ ಹಾಲೆಂಡಿನ ಸುಹ್ರೆನ್, ಬ್ರೌನ್, ಟೌಯಿನ್‌ಮನ್ ಎಂಬವರು ಅಂಥದೇ ದೊಡ್ಡದೊಂದು ವಂಶವನ್ನು ಕೂಲಂಕಷವಾಗಿ ಪರೀಕ್ಷಿಸಿ, ಇದು ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ವ್ಯಾಧಿಯೆಂದು ತೋರಿಸಿಕೊಟ್ಟರು.

ಈ ಬೀಳುವಿಕೆಯಲ್ಲೊಂದು ಕ್ರೌರ್ಯವಿದೆ. ನಾವು ಎಡವಿದಾಗ ಕೈಗಳು ತಾವಾಗಿಯೇ ಮುಂದಕ್ಕೆ ಚಾಚುತ್ತವೆ. ಇವರ ಕೈಗಳು ಮೈಗಂಟಿಕೊಂಡು ಸೆಟೆದಿರುತ್ತವೆ. ಕಡಿದ ಮರದಂತೆ ನೇರವಾಗಿ ಉರುಳುತ್ತಾರೆ. ಪ್ರಜ್ಞೆ ಮಾತ್ರ ಒಂದಿಷ್ಟೂ ತಪ್ಪುವುದಿಲ್ಲ. ಬೀಳುತ್ತಿದ್ದೇನೆಂಬುದು ತಿಳಿಯುತ್ತದೆ, ತಡೆಯಲಾಗುವುದಿಲ್ಲ. ಇದನ್ನರಿಯದವರು ಮೂರ್ಛೆರೋಗವೆಂದು ಔಷಧ ಕೊಡಿಸಿದುದೂ ಉಂಟು, ಪುಕ್ಕಲುತನವೆಂದು ನಕ್ಕುದೂ ಉಂಟು.

ಮೂಗುದಾರ ಹಿಡಿದವರು ಯಾರು?

ಎತ್ತನ್ನು ನಡೆಸಲು ಬಾರುಕೋಲು ಬೇಕು. ನಿಲ್ಲಿಸಲು ಮೂಗುದಾರ ಬೇಕು. ನಮ್ಮ ನರಮಂಡಲದಲ್ಲಿಯೂ ಹಾಗೆಯೇ. ‘ನಡೆ’ ಎಂದು ಸ್ನಾಯುಗಳನ್ನು ಪ್ರಚೋದಿಸುವ ನರಕೋಶಗಳ ಜೊತೆಗೆ ‘ಸಾಕು, ನಿಲ್ಲು’ ಎಂದು ಹೇಳುವ ನರಕೋಶಗಳೂ ಇವೆ. ಬೆನ್ನುಹುರಿಯಲ್ಲಿಯೂ ಮೆದುಳಿನ ಬುಡದಲ್ಲಿಯೂ ಈ ‘ಸಾಕು’ ಎಂಬ ಮಾತನ್ನು ಹೊತ್ತೊಯ್ಯುವ ಮುಖ್ಯ ದೂತನೆಂದರೆ ಗ್ಲೈಸಿನ್. ಅಮೈನೋ ಆಮ್ಲಗಳಲ್ಲೆಲ್ಲ ಅತ್ಯಂತ ಚಿಕ್ಕದು, ನಾಲಿಗೆಗೆ ಸಿಹಿ.

ದೂತ ಬಂದರೆ ಸಾಲದು, ಬಾಗಿಲು ತೆರೆಯಬೇಕಷ್ಟೆ. ನರಕೋಶದ ಹೊರಪೊರೆಯಲ್ಲಿ ಐದು ಪ್ರೋಟೀನು ತುಂಡುಗಳು ಉಂಗುರದಂತೆ ಕೂಡಿ, ನಡುವೆ ಸೂಕ್ಷ್ಮವಾದ ಕಂಡಿಯೊಂದನ್ನು ರಚಿಸಿಕೊಂಡಿರುತ್ತವೆ. ಇದೇ ಗ್ಲೈಸಿನ್ ಗ್ರಾಹಕ. ಗ್ಲೈಸಿನ್ ಬಂದು ಸೋಕಿದೊಡನೆ ಕಂಡಿ ತೆರೆದು, ಕ್ಲೋರೈಡ್ ಕಣಗಳು ಒಳನುಗ್ಗುತ್ತವೆ. ಕೆರಳಲು ಹೊರಟಿದ್ದ ನರಕೋಶವು ತಣ್ಣಗಾಗುತ್ತದೆ. ಆ ಐದು ತುಂಡುಗಳಲ್ಲಿ ‘ಆಲ್ಫಾ-1’ ಎಂಬುದನ್ನು ತಯಾರಿಸುವ ವಿವರವು ನಮ್ಮ ಐದನೆಯ ವರ್ಣತಂತುವಿನ ಉದ್ದ ತೋಳಿನಲ್ಲಿ ಬರೆದಿದೆ. ಆ ಬರಹವೇ ಜಿ.ಎಲ್.ಆರ್.ಎ.-1 ಎಂಬ ವಂಶವಾಹಿ.

ದಾರಿ ತೋರಿದ ವಿಷ

ಇಷ್ಟನ್ನೆಲ್ಲ ತಿಳಿಯಲು ವಿಜ್ಞಾನಿಗಳಿಗೆ ನೆರವಾದುದು ಒಂದು ವಿಷವೆಂದರೆ ಅಚ್ಚರಿಯಾದೀತು. ಕರಾವಳಿಯವರು ಕಾಸರ್ಕನ ಮರವನ್ನು ಬಲ್ಲರು. ಕಾಸರಗೋಡಿಗೆ ಆ ಹೆಸರು ಬಂದುದು ಈ ಮರದಿಂದಲೇ ಎಂದು ಹೇಳುವವರೂ ಉಂಟು. ಅದರ ಕಿತ್ತಳೆ ಬಣ್ಣದ ಹಣ್ಣಿನೊಳಗೆ ಗುಂಡಿಯಂತೆ ಚಪ್ಪಟೆಯಾದ, ಕಡು ಕಹಿಯಾದ ಬೀಜಗಳಿರುತ್ತವೆ. ಆ ಕಹಿಯ ಸಾರಗಳಲ್ಲೊಂದು ಸ್ಟ್ರಿಕ್‌ನಿನ್. ಪತ್ತೇದಾರಿ ಕಾದಂಬರಿಗಳನ್ನು ಓದುವವರಿಗೆ ಈ ಹೆಸರು ಹೊಸದಲ್ಲ. 1818ರಲ್ಲಿ ಫ್ರಾನ್ಸಿನ ಪೆಲ್ತಿಯೇ ಮತ್ತು ಕಾವೆಂತೂ ಎಂಬ ರಸಾಯನಜ್ಞರು ಇದೇ ಕುಲದ ಇನ್ನೊಂದು ಸಸ್ಯದ ಬೀಜದಿಂದ ಇದನ್ನು ಮೊದಲಿಗೆ ಬೇರ್ಪಡಿಸಿದರು.

ಸ್ಟ್ರಿಕ್‌ನಿನ್ ಹೊಟ್ಟೆಗೆ ಹೋದವನು ಸಣ್ಣ ಸದ್ದಿಗೂ ಬಿಲ್ಲಿನಂತೆ ಸೆಟೆದುಕೊಳ್ಳುತ್ತಾನೆ. ಉಸಿರಾಟದ ಸ್ನಾಯುಗಳು ಬಿಗಿದು ಸಾಯುತ್ತಾನೆ. ಕಾರಣವಿಷ್ಟೇ: ಗ್ಲೈಸಿನ್ ಕುಳಿತುಕೊಳ್ಳಬೇಕಾದ ಪೀಠವನ್ನು ಈ ವಿಷ ಆಕ್ರಮಿಸಿ ಬಾಗಿಲು ತೆರೆಯಗೊಡದು. ಮೂಗುದಾರ ಕಳಚಿದ ಎತ್ತಿನ ಗತಿ ನರಗಳಿಗಾಗುತ್ತದೆ. ಈ ಗುಣವನ್ನೇ ಉಪಾಯವಾಗಿಸಿಕೊಂಡು, 1982ರಲ್ಲಿ ಜರ್ಮನಿಯ ಹೈನ್ರಿಕ್ ಬೆಟ್ಸ್ ಮತ್ತು ಸಂಗಡಿಗರು ಸ್ಟ್ರಿಕ್‌ನಿನ್ನನ್ನು ಹೋಲುವ ವಸ್ತುವನ್ನೇ ಗಾಳವನ್ನಾಗಿ ಮಾಡಿ, ಇಲಿಯ ಬೆನ್ನುಹುರಿಯಿಂದ ಗ್ರಾಹಕವನ್ನು ಹಿಡಿದು ಶುದ್ಧಗೊಳಿಸಿದರು. 1987ರಲ್ಲಿ ಅದರ ವಂಶವಾಹಿಯ ಬರಹವನ್ನೂ ಓದಿದರು.

ವಿಷ ಕುಡಿದವನಿಗೂ ಬೆಚ್ಚುವ ಕೂಸಿಗೂ ಲಕ್ಷಣಗಳು ಒಂದೇ ಅಲ್ಲವೆ? ಹಾಗಾದರೆ ಕೂಸಿನ ಕಷ್ಟವೂ ಅದೇ ಬಾಗಿಲಿನಲ್ಲಿರಬಹುದು. ಈ ಊಹೆ ನಿಜವೆಂದು 1993ರಲ್ಲಿ ಅಮೆರಿಕದ ರೀಟಾ ಶಿಯಾಂಗ್, ಜಾನ್ ವಾಸ್ಮತ್ ಮೊದಲಾದವರು ಸಿದ್ಧಪಡಿಸಿದರು. ಆಲ್ಫಾ-1 ತುಂಡಿನ 271ನೆಯ ಸ್ಥಾನದಲ್ಲಿ ಆರ್ಜಿನಿನ್ ಇರಬೇಕಾದಲ್ಲಿ ರೋಗಿಗಳಲ್ಲಿ ಬೇರೊಂದು ಅಮೈನೋ ಆಮ್ಲವಿತ್ತು. ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ತಪ್ಪಿದುದರ ಫಲ! ಮುಂದೆ ಇದೇ ವಂಶವಾಹಿಯಲ್ಲಿ ಇನ್ನೂ ಹಲವು ದೋಷಗಳು ದೊರೆತವು; ಬೇರೆ ವಂಶವಾಹಿಗಳ ದೋಷದಿಂದಲೂ ಈ ವ್ಯಾಧಿ ಬರುವುದೆಂದು ತಿಳಿಯಿತು.

ಕೆಲವು ಕುಟುಂಬಗಳಲ್ಲಿ ತಂದೆ ಅಥವಾ ತಾಯಿಯೊಬ್ಬರಿಂದ ದೋಷ ಬಂದರೂ ಸಾಕು. ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟು. ಇನ್ನು ಕೆಲವೆಡೆ ಇಬ್ಬರಿಂದಲೂ ಬರಬೇಕು. ಆಗ ಸಂಭವ ನಾಲ್ಕರಲ್ಲಿ ಒಂದು. ರಕ್ತಸಂಬಂಧದಲ್ಲಿ ಮದುವೆಯಾದವರು ಒಂದೇ ದೋಷವನ್ನು ಬಚ್ಚಿಟ್ಟುಕೊಂಡಿರುವ ಸಾಧ್ಯತೆ ಹೆಚ್ಚಾದುದರಿಂದ, ಸೋದರಸಂಬಂಧ ರೂಢಿಯಲ್ಲಿರುವ ನಮ್ಮ ಕಡೆಯವರು ಈ ಮಾತನ್ನು ನೆನಪಿಡುವುದು ಒಳ್ಳೆಯದು.

ಔಷಧ ಮತ್ತು ಒಂದು ಉಪಾಯ

ಸಮಾಧಾನದ ಸಂಗತಿಯೂ ಇದೆ. ಕ್ಲೊನಾಜೆಪಾಮ್ ಎಂಬ ಔಷಧದಿಂದ ಅನೇಕರಿಗೆ ಒಳ್ಳೆಯ ಗುಣ ಕಾಣುತ್ತದೆ. ಅದು ಗ್ಲೈಸಿನ್ನಿನ ಬಾಗಿಲನ್ನು ದುರಸ್ತಿ ಮಾಡುವುದಿಲ್ಲ. ಪಕ್ಕದಲ್ಲೇ ಇರುವ ‘ಗಾಬಾ’ ಎಂಬ ಇನ್ನೊಂದು ಶಾಂತಿದೂತನ ಬಾಗಿಲಿಗೆ ಬಲ ಕೊಡುತ್ತದೆ. ಒಬ್ಬ ಕಾವಲುಗಾರನ ಕೊರತೆಯನ್ನು ಮತ್ತೊಬ್ಬನು ತುಂಬಿದಂತೆ. ಮೈಯ ಬಿಗಿತವೂ ಸಾಮಾನ್ಯವಾಗಿ ಮೊದಲ ಕೆಲವು ವರ್ಷಗಳಲ್ಲಿ ಸಡಿಲಗೊಳ್ಳುತ್ತ ಬರುತ್ತದೆ. ಬೆಚ್ಚುವ ಸ್ವಭಾವ ಮಾತ್ರ ಉಳಿಯಬಹುದು.

ಆದರೆ ಔಷಧ ಕೈಗೆ ಸಿಗುವ ಮೊದಲೇ ಉಸಿರು ನಿಂತರೆ? ಇಟಲಿಯ ವೈದ್ಯ ಫೆಡೆರಿಕೊ ವಿಜೆವಾನೊ 1989ರಲ್ಲಿ ಇದಕ್ಕೊಂದು ಸರಳ ಉಪಾಯವನ್ನು ಪ್ರಕಟಿಸಿದರು. ಸೆಟೆದ ಶಿಶುವಿನ ತಲೆಯನ್ನೂ ಕಾಲುಗಳನ್ನೂ ಮುಂಡದ ಕಡೆಗೆ ಒತ್ತಿ ಬಾಗಿಸಬೇಕು. ಬಿಗಿತ ಕಳಚಿ ಉಸಿರು ಮರಳುತ್ತದೆ. ಇಂಥ ಮಗುವಿರುವ ಮನೆಯವರಿಗೆ ವೈದ್ಯರು ಇದನ್ನು ಕೈಹಿಡಿದು ಕಲಿಸಿಕೊಡುತ್ತಾರೆ. ಮನೆಯಲ್ಲಿ ಒಬ್ಬಳು ತಾಯಿ ಮಾತ್ರವಲ್ಲ, ಅಜ್ಜಿಯೂ ಅಕ್ಕನೂ ಕಲಿತಿರಬೇಕು; ತಟ್ಟೆ ಬೀಳುವುದು ಯಾರಿದ್ದಾಗ ಎಂದು ಹೇಳಬಲ್ಲವರಾರು?

ವಿಜ್ಞಾನಿಗಳು ವಿಷದ ಬೀಜದಿಂದ ಹೊರಟು, ವಂಶವಾಹಿಯ ಒಂದಕ್ಷರದವರೆಗೆ ನಡೆದು ಬಂದರು. ಆದರೂ ಆ ಕ್ಷಣಕ್ಕೆ ಕೂಸನ್ನು ಉಳಿಸುವುದು ಎರಡು ಕೈಗಳು. ಗರ್ಭದಲ್ಲಿದ್ದಾಗ ಅದು ಹೇಗೆ ಮುದುಡಿ ಮಲಗಿತ್ತೋ ಹಾಗೆಯೇ ಅದನ್ನು ಮತ್ತೆ ಮುದುಡಿಸಿ ಹಿಡಿಯುವ ಕೈಗಳು.