ಮಿರ್ಚಿಗೆ ಬೈಯುವ ಮುನ್ನ ಬಾಣಲೆ ನೋಡಿ

‘ಸರಕಾರ ಗೋಬಿ ಬಂದ್ ಮಾಡೇತಿ’ ಎಂಬ ಮಾತು 2024ರ ಮಾರ್ಚ್‌ನಲ್ಲಿ ಹಬ್ಬಿತು. ಹಾಗೆಂದೇ ನಂಬಿದವರು ಈಗಲೂ ಇದ್ದಾರೆ. ಆದರೆ ರಾಜ್ಯ ಸರ್ಕಾರ ನಿಷೇಧಿಸಿದ್ದು ಗೋಬಿ ಮಂಚೂರಿಯನ್ನಲ್ಲ, ಅದಕ್ಕೆ ಬೆರೆಸುವ ಕೃತಕ ಬಣ್ಣವನ್ನು. ಪರೀಕ್ಷೆಗೆ ಒಳಗಾದ 171 ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣಗಳು ಸಿಕ್ಕಿದ್ದವು. ಹೂಕೋಸಿನ ತಪ್ಪು ಏನೂ ಇರಲಿಲ್ಲ. ಕಡುಗೆಂಪು ಬಣ್ಣ ಕಂಡೊಡನೆ ‘ಬ್ಯಾಡಗಿ ಮೆಣಸಿನಕಾಯಿ ಹಾಕ್ಯಾರ’ ಎಂದು ಮೆಚ್ಚಿಕೊಳ್ಳುವುದು ಮಾತ್ರ ತಪ್ಪು.

ಕರಿದ ತಿಂಡಿಯ ವಿಷಯದಲ್ಲಿ ನಮ್ಮ ಜನರ ಭಯವೂ ಭರವಸೆಯೂ ಹೀಗೆಯೇ ಅದಲುಬದಲಾಗಿವೆ. ಮಳೆಗಾಲದಲ್ಲಿ ಘಟಪ್ರಭೆ 170 ಅಡಿ ಧುಮುಕುವುದನ್ನು ನೋಡಲು ಗೋಕಾಕ ಜಲಪಾತಕ್ಕೆ ಬಂದವರು ಬಿಸಿ ಮಿರ್ಚಿ ಕೈಗೆತ್ತಿಕೊಂಡು ಹೊಟ್ಟೆಯ ಹುಣ್ಣಿಗೆ ಹೆದರುತ್ತಾರೆ. ಅದು ಬೆಂದ ಎಣ್ಣೆಯನ್ನು ಮಾತ್ರ ತಿರುಗಿಯೂ ನೋಡುವುದಿಲ್ಲ.

ಹುಣ್ಣಿನ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಹೆಸರು ಹೊತ್ತ ಮೆಣಸಿನಕಾಯಿ ಖಾರಕ್ಕೆ ಪ್ರಸಿದ್ಧ. ಅಂಥ ಸೀಮೆಯಲ್ಲಿ ‘ಖಾರ ತಿಂದರ ಹೊಟ್ಟ್ಯಾಗ ಹುಣ್ಣು’ ಎಂಬ ನಂಬಿಕೆಯೂ ಅಷ್ಟೇ ಗಟ್ಟಿ. ಹೆಚ್ಚಿನ ಹುಣ್ಣುಗಳಿಗೆ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ, ಇಲ್ಲವೇ ದಿನವೂ ನುಂಗುವ ಕೆಲವು ನೋವಿನ ಗುಳಿಗೆಗಳು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು, ಜಠರದ ಉರಿಯೂತ ಬರಿಸಿಕೊಂಡು ತೋರಿಸಿದರು. 2005ರಲ್ಲಿ ಅವರಿಗೂ ರಾಬಿನ್ ವಾರೆನ್‌ರಿಗೂ ನೊಬೆಲ್ ಬಂತು. ಈಗಾಗಲೇ ಹುಣ್ಣೋ ಎದೆಯುರಿಯೋ ಇದ್ದವರಿಗೆ ಖಾರ ತೊಂದರೆ ಕೊಡಬಹುದು, ಅದು ಬೇರೆ ಮಾತು. ಇನ್ನು ಖಾರ ಬೀಜದಲ್ಲಿದೆ ಎಂದು ಬೀಜ ಕೊಡವುವವರು ತಿಳಿಯಬೇಕಾದ್ದು: ಅದು ಹುಟ್ಟುವುದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಖಾರ ನೀರಿನಲ್ಲಿ ಕರಗದ್ದರಿಂದ ತಂಬಿಗೆ ನೀರಿಗಿಂತ ಒಂದು ಗ್ಲಾಸ್ ಮಜ್ಜಿಗೆ ಬಾಯುರಿಯನ್ನು ಬೇಗ ತಣಿಸುತ್ತದೆ.

ಎಣ್ಣೆ ಹೆಚ್ಚು ಕಾದರೆ ಭಜಿ ಎಣ್ಣೆ ಕುಡಿಯುತ್ತದೆ ಎಂದು ಹಲವರು ಉರಿ ತಗ್ಗಿಸುತ್ತಾರೆ. ಆಗುವುದು ತದ್ವಿರುದ್ಧ. ಸುಮಾರು 170ರಿಂದ 180 ಡಿಗ್ರಿ ಸೆಲ್ಸಿಯಸ್ ಕಾದ ಎಣ್ಣೆಗೆ ಬಿದ್ದ ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರನುಗ್ಗುತ್ತದೆ, ಆ ರಭಸ ಎಣ್ಣೆಯನ್ನು ಹೊರಗೇ ತಡೆಯುತ್ತದೆ. ಎಣ್ಣೆ ತಣ್ಣಗಿದ್ದರೆ ಬೇಯಲು ಹೊತ್ತು ಹಿಡಿದು ಭಜಿ ಜಿಡ್ಡಾಗುತ್ತದೆ. ಎಣ್ಣೆಯ ಬಹುಪಾಲು ಒಳಸೇರುವುದು ಬಾಣಲೆಯಿಂದ ತೆಗೆದ ಮೇಲೆ: ಒಳಗಿನ ಆವಿ ತಣಿಯುತ್ತಿದ್ದಂತೆ ಮೈಮೇಲಿನ ಎಣ್ಣೆಯನ್ನು ತಿಂಡಿ ಹೀರಿಕೊಳ್ಳುತ್ತದೆ. ಜಾಳಿಗೆಯಲ್ಲಿ ಆ ಕ್ಷಣವೇ ಸೋಸುವ ಭಜಿಯವನು ಅದಕ್ಕೇ ಜಾಣ. ಉಬ್ಬಿದರೆ ಹಗುರ ಎಂದುಕೊಂಡು ಸೋಡಾ ಹೆಚ್ಚು ಸುರಿದರೆ ಹಿಟ್ಟಿನಲ್ಲಿ ತೂತು ಹೆಚ್ಚಾಗಿ ಎಣ್ಣೆಯೂ ಹೆಚ್ಚು ಹಿಡಿಯುತ್ತದೆ.

ಎಲ್ಲಕ್ಕಿಂತ ಅಪಾಯದ ನಂಬಿಕೆ, ‘ಎಣ್ಣಿ ಮತ್ತ ಕಾಸಿದರ ಶುದ್ಧ ಆಕ್ಕೈತಿ’ ಎಂಬುದು. ಕಾಯಿಸಿದರೆ ರೋಗಾಣು ಸಾಯುವುದು ನಿಜ. ಆದರೆ ಮರಳಿ ಮರಳಿ ಕಾದ ಎಣ್ಣೆ ತಾನೇ ಒಡೆದು ಪೋಲಾರ್ ಸಂಯುಕ್ತಗಳು ಎಂಬ ಹಾನಿಕರ ವಸ್ತುಗಳು ಬೆಳೆಯುತ್ತವೆ. ಅವುಗಳ ಒಟ್ಟು ಪ್ರಮಾಣ ಶೇ. 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸಕೂಡದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಹಳೆಯದಕ್ಕೆ ಹೊಸ ಎಣ್ಣೆ ಸುರಿದರೂ ಹಳೆಯದು ಸುಧಾರಿಸುವುದಿಲ್ಲ, ಹೊಸದೂ ಬೇಗ ಕೆಡುತ್ತದೆ. ಬಣ್ಣ ಕಪ್ಪಾಗಿ, ನೊರೆ ಕಟ್ಟಿ, ಬೇಗ ಹೊಗೆಯಾಡುವ ಎಣ್ಣೆಯ ಕಾಲ ಮುಗಿದಿದೆ ಎಂದೇ ಅರ್ಥ. ಅದನ್ನು ಸಂಗ್ರಹಿಸಿ ಜೈವಿಕ ಡೀಸೆಲ್ ಮಾಡುವ ಯೋಜನೆಯೇ ದೇಶದಲ್ಲಿದೆ.

ಡಬ್ಬದ ಮೇಲಿನ ‘ಕೊಲೆಸ್ಟ್ರಾಲ್ ಇಲ್ಲ’ ಎಂಬ ಸಾಲನ್ನು ನಂಬಿ ಕೈಬಿಟ್ಟು ಸುರಿಯುವವರಿಗೊಂದು ಮಾತು. ಶೇಂಗಾ, ಸೂರ್ಯಕಾಂತಿ, ಕುಸುಬೆ, ಯಾವ ಸಸ್ಯದ ಎಣ್ಣೆಯಲ್ಲೂ ಗಣನೆಗೆ ಬರುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ಎಲ್ಲವೂ ಗ್ರಾಂಗೆ 9 ಕ್ಯಾಲೊರಿಯನ್ನೇ ಕೊಡುತ್ತವೆ.

ಭರವಸೆ ಹಾದಿ ತಪ್ಪಿದ್ದಕ್ಕೆ ಗೋಕಾಕದ ಕರದಂಟಿಗಿಂತ ಒಳ್ಳೆಯ ಉದಾಹರಣೆಯಿಲ್ಲ. ಅಂಟು, ಒಣಕೊಬ್ಬರಿ, ಉತ್ತತ್ತಿ, ಬಾದಾಮಿ, ಗೋಡಂಬಿ, ತುಪ್ಪ, ಬೆಲ್ಲ ಸೇರಿದ ಈ ತಿನಿಸು ಬಾಣಂತಿಯರ ತಾಟಿನಿಂದ ಹಿಡಿದು ಪರವೂರಿನ ನೆಂಟರ ಚೀಲದವರೆಗೆ ಎಲ್ಲ ಕಡೆ ಇದೆ. ತುಣುಕುಗಳನ್ನು ಅಂಟು ಹಿಡಿದಿಡುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅಂಟು ತುಪ್ಪದಲ್ಲಿ ಕರಿದಾಗ ಅರಳಿ ಗರಿಗರಿಯಾಗುತ್ತದೆ, ಹಿಡಿದಿಡುವುದು ಬೆಲ್ಲದ ಪಾಕ. ಇದು ಎಣ್ಣೆಯ ತಿಂಡಿ ಅಲ್ಲ ಎಂದುಕೊಂಡವರೂ ಹಾಗಾಗಿ ತುಪ್ಪದಲ್ಲಿ ಕರಿದದ್ದನ್ನೇ ತಿನ್ನುತ್ತಿದ್ದಾರೆ. ‘ಬೆಲ್ಲದ್ದು, ಶುಗರ್ ಇದ್ದವರೂ ತಿನ್ನಬಹುದು’ ಎಂಬ ಮಾತಂತೂ ಕೂಡಲೇ ನಿಲ್ಲಬೇಕು. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣ, ಖನಿಜ ಇರುವುದು ಹೌದು. ಉಳಿದ ಬಹುಭಾಗ ಸಕ್ಕರೆಯೇ. ಹಿಡಕಲ್ ಜಲಾಶಯದ ನೀರುಂಡ ಕಬ್ಬು ಗಾಣಕ್ಕೆ ಹೋಗಲಿ, ಕಾರ್ಖಾನೆಗೆ ಹೋಗಲಿ, ರಕ್ತಕ್ಕೆ ಸೇರಿದಾಗ ಮಾಡುವ ಕೆಲಸ ಒಂದೇ. ಆದರೂ ಒಂದು ತುಣುಕು ಕರದಂಟಿನಲ್ಲಿ ಬೀಜ, ಕಾಯಿ, ನಾರು ಇರುವುದರಿಂದ ಬರೀ ಮೈದಾ, ಸಕ್ಕರೆಯ ಮಿಠಾಯಿಗಿಂತ ಅದು ಎಷ್ಟೋ ಮೇಲು. ಮಿತಿ ಇರಬೇಕಾದ್ದು ತುಣುಕಿನ ಲೆಕ್ಕದಲ್ಲಿ.

ಭಜಿಯನ್ನು ಪೇಪರಿನಲ್ಲಿ ಒತ್ತಿದರೆ ಎಣ್ಣೆ ಹೋಗುತ್ತದೆ ಎನ್ನುವುದು ಅರ್ಧ ಸತ್ಯ. ಬಿಸಿ ಎಣ್ಣೆ ಪತ್ರಿಕೆಯ ಮಸಿಯನ್ನು ತಿಂಡಿಗೆ ಎಳೆದುಕೊಳ್ಳುತ್ತದೆ. ಸುದ್ದಿಪತ್ರಿಕೆಯಲ್ಲಿ ಆಹಾರ ಕಟ್ಟುವುದು ಕಾನೂನಿನ ಪ್ರಕಾರ ನಿಷಿದ್ಧ.

ಹಾಗಾದರೆ ಹೊರಗಿನ ಊಟವೇ ಬೇಡವೇ? ಅದೂ ಸರಿಯಲ್ಲ. ಮೂಡಲಗಿಯಂಥ ಊರಿನ ಖಾನಾವಳಿಯಲ್ಲಿ ನೀರು ಹಚ್ಚಿ ಬಡಿದು, ಹಂಚಿನ ಮೇಲೆ ಸುಟ್ಟ ಜೋಳದ ರೊಟ್ಟಿಗೆ ಎಣ್ಣೆಯೇ ಬೇಕಿಲ್ಲ. ಜೊತೆಗೆ ಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ ಇದ್ದರೆ ಅನೇಕ ಮನೆಯೂಟಗಳಿಗಿಂತ ಅದು ಚೆಂದ. ಎಣ್ಣೆ ಸೇರುವುದು ಎಣ್ಣೆಗಾಯಿಯ ಮೇಲೆ ತೇಲುವ ಕೆಂಪು ಪದರದಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ 2024ರ ಮಾರ್ಗಸೂಚಿ 2000 ಕ್ಯಾಲೊರಿಯ ಆಹಾರದಲ್ಲಿ ಎಣ್ಣೆ, ಕೊಬ್ಬಿಗೆ ದಿನಕ್ಕೆ 27 ಗ್ರಾಂ, ಅಂದರೆ ಸುಮಾರು ಎರಡು ದೊಡ್ಡ ಚಮಚ, ಕೊಟ್ಟಿದೆ. ಮಿರ್ಚಿ ತಿಂದ ದಿನ ರಾತ್ರಿಯ ಒಗ್ಗರಣೆ ತೆಳುವಾದರೆ ಲೆಕ್ಕ ಸರಿಹೋಗುತ್ತದೆ.

ಕೈಗಾಡಿಯವರೂ ಆಹಾರ ಸುರಕ್ಷತಾ ನೋಂದಣಿ ಪಡೆಯಬೇಕು, ಅದರ 14 ಅಂಕಿಯ ಸಂಖ್ಯೆ ಗಿರಾಕಿಗೆ ಕಾಣುವಂತಿರಬೇಕು. ಮುಂದಿನ ಸಲ ಮಿರ್ಚಿ ಹೇಳುವ ಮೊದಲು ಆ ಸಂಖ್ಯೆಯನ್ನೂ ಬಾಣಲೆಯ ಎಣ್ಣೆಯ ಬಣ್ಣವನ್ನೂ ನೋಡಿ. ಎಣ್ಣೆ ಕಪ್ಪಾಗಿದ್ದರೆ ಅಂಗಡಿಯವರಿಗೆ ನೇರವಾಗಿ ಹೇಳಿ, ಕೇಳದಿದ್ದರೆ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ.