ಗಾಲಿಯ ಮೇಲಿನ ಮನೆಗೆ ಹೊಸ ಬಣ್ಣವೇ?

ಹಬ್ಬ ಹತ್ತಿರವಾದಾಗ, ಅಥವಾ ಮನೆಯಲ್ಲಿ ಮದುವೆ ಕೂಡಿಬಂದಾಗ, ಗೋಡೆಗಳಿಗೆ ಸುಣ್ಣಬಣ್ಣ ಮಾಡಿಸುವುದು ನಮ್ಮಲ್ಲಿ ವಾಡಿಕೆ. ಯಾವ ಬಣ್ಣವೆಂಬ ಬಗ್ಗೆ ಗಂಡ ಹೆಂಡಿರಲ್ಲಿ ಎರಡು ಮಾತು ನಡೆಯಬಹುದು. ಆದರೆ ಬಣ್ಣ ಬಳಿಸಬೇಕೆ ಬೇಡವೆ ಎಂದು ಯಾರೂ ನಿದ್ದೆಗೆಡುವುದಿಲ್ಲ. ಗಾಲಿಯ ಮೇಲೆ ನಿಂತ ಮನೆಯ ವಿಷಯದಲ್ಲಿ ಹಾಗಲ್ಲ. ಅಮೆರಿಕ, ಜರ್ಮನಿ, ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ಹಳೆಯದೊಂದು ‘ಮೋಟಾರು ಮನೆ’ಯನ್ನು ಕೊಂಡವರಿಗೆ, ಅಥವಾ ಹಿರಿಯರಿಂದ ಪಡೆದವರಿಗೆ, ಬೇಗನೆ ಎದುರಾಗುವ ಪ್ರಶ್ನೆ ಇದು: ಮಾಸಿದ ಮೈಗೆ ಹೊಸ ಬಣ್ಣ ಹಚ್ಚಬೇಕೆ, ಇದ್ದಂತೆಯೇ ಬಿಡಬೇಕೆ?

ಅಡುಗೆಯ ಒಲೆ, ಮಲಗುವ ಮಂಚ, ಕೈ ತೊಳೆಯುವ ತೊಟ್ಟಿ ಎಲ್ಲವನ್ನೂ ಒಡಲೊಳಗೆ ಇಟ್ಟುಕೊಂಡು ಊರಿಂದೂರಿಗೆ ಓಡುವ ಈ ವಾಹನದ ಬಣ್ಣದ ಚಿಂತೆ ಕೇಳುವವರಿಗೆ ಕ್ಷುಲ್ಲಕವೆಂದು ತೋರೀತು. ಆದರೆ ಇದರಲ್ಲಿ ಹಣದ ಪ್ರಶ್ನೆಯುಂಟು, ಆರೋಗ್ಯದ ಪ್ರಶ್ನೆಯುಂಟು. ಇವೆರಡಕ್ಕಿಂತಲೂ ಬಿಡಿಸಲು ಕಷ್ಟವಾದ ನೆನಪಿನ ಪ್ರಶ್ನೆಯೂ ಉಂಟು. ಬಣ್ಣವನ್ನು ಅಲಕ್ಷಿಸಿದರೆ ಗಟ್ಟಿಮುಟ್ಟಾದ ವಾಹನ ತುಕ್ಕಿಗೆ ಆಹುತಿಯಾಗಬಹುದು. ಅವಸರದಿಂದ ಬಳಿದರೆ, ಮರಳಿ ಬಾರದ ಚರಿತ್ರೆಯೊಂದು ಒಂದೇ ಮಧ್ಯಾಹ್ನದಲ್ಲಿ ಮರಳುಕಾಗದದ ಕೆಳಗೆ ಪುಡಿಯಾಗಿ ಉದುರಿಹೋಗಬಹುದು. ಈ ಇಬ್ಬಂದಿಗೆ ಅಮೆರಿಕದ ಒಂದು ಹಳೆಯ ಬಸ್ಸಿಗಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ದುರ್ಲಭ.

ಇನ್ನೂ ಮುಂದೆ!

ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1939ರಲ್ಲಿ ತಯಾರಿಸಿದ ಆ ಬಸ್ಸು ಹುಟ್ಟಿದ್ದು ಶಾಲೆಯ ಮಕ್ಕಳನ್ನು ಹೊತ್ತು ತಿರುಗುವುದಕ್ಕಾಗಿ. ಅಮೆರಿಕದ ಶಾಲಾ ಬಸ್ಸುಗಳಿಗೆಲ್ಲ ಒಂದೇ ಹಳದಿ ಬಣ್ಣವಿರಬೇಕೆಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಶಿಕ್ಷಕರ ಕಾಲೇಜಿನಲ್ಲಿ ಸೇರಿದ ಸಮ್ಮೇಳನವೊಂದು ನಿಶ್ಚಯಿಸಿದ್ದೂ ಅದೇ 1939ರಲ್ಲಿ. ನಸುಬೆಳಕಿನಲ್ಲಿಯೂ ಹಳದಿಯ ಮೇಲಿನ ಕಪ್ಪಕ್ಷರ ಚೆನ್ನಾಗಿ ಕಾಣುತ್ತದೆ ಎಂಬುದು ಆ ನಿಶ್ಚಯಕ್ಕೆ ಕಾರಣ. ವಾಹನದ ಬಣ್ಣವೆಂದರೆ ಬರಿಯ ಸೊಗಸಲ್ಲ, ಅದಕ್ಕೊಂದು ಕೆಲಸವಿದೆ ಎಂಬುದನ್ನು ಆ ಸಮ್ಮೇಳನ ಚೆನ್ನಾಗಿ ಅರಿತಿತ್ತು.

ಶಾಲೆಯ ಸೇವೆ ಮುಗಿದ ಮೇಲೆ ಆ ಬಸ್ಸನ್ನು ಗೃಹಸ್ಥನೊಬ್ಬ ಕೊಂಡು, ತನ್ನ ದೊಡ್ಡ ಸಂಸಾರದ ಪ್ರವಾಸಕ್ಕೆಂದು ಮಂಚಗಳನ್ನೂ ಅಡುಗೆಯ ಏರ್ಪಾಡನ್ನೂ ಜೋಡಿಸಿ, ಅದನ್ನು ಮೋಟಾರು ಮನೆಯಾಗಿ ಮಾರ್ಪಡಿಸಿದನು. ಅವನ ಬಳಿಯಿಂದ 1964ರಲ್ಲಿ ಅದು ಕಾದಂಬರಿಕಾರ ಕೆನ್ ಕೀಸಿಯ ಕೈಸೇರಿತು. 1962ರಲ್ಲಿ ಪ್ರಕಟವಾದ ‘ಒನ್ ಫ್ಲೂ ಓವರ್ ದ ಕುಕೂಸ್ ನೆಸ್ಟ್’ ಕಾದಂಬರಿಯಿಂದ ಆತ ಆ ವೇಳೆಗೆ ಹೆಸರಾಗಿದ್ದನು. ಕ್ಯಾಲಿಫೋರ್ನಿಯದ ಲಾ ಹೊಂಡಾದಿಂದ ನ್ಯೂಯಾರ್ಕಿಗೆ, ಎಂದರೆ ಪಶ್ಚಿಮ ತೀರದಿಂದ ಪೂರ್ವ ತೀರಕ್ಕೆ, ಗೆಳೆಯರ ದಂಡು ಕಟ್ಟಿಕೊಂಡು ಹೋಗಬೇಕೆಂಬುದು ಅವನ ಹಂಚಿಕೆ. ನ್ಯೂಯಾರ್ಕಿನಲ್ಲಿ ಆಗ ವಿಶ್ವ ಪ್ರದರ್ಶನ ನಡೆಯುತ್ತಿತ್ತು. ಅವನ ಎರಡನೆಯ ಕಾದಂಬರಿಯೂ ಅಲ್ಲಿಯೇ ಬೆಳಕು ಕಾಣಲಿತ್ತು.

ಹೊರಡುವ ಮುನ್ನ ಗೆಳೆಯರೆಲ್ಲ ಕುಂಚ ಹಿಡಿದು ಬಸ್ಸಿನ ಮೈಮೇಲೆ ಬಿದ್ದರು. ಕೆಂಪು, ನೀಲಿ, ಹಸುರು, ಕಿತ್ತಳೆ—ಕೈಗೆ ಸಿಕ್ಕಿದ ಬಣ್ಣವೆಲ್ಲ ಸುಳಿಸುಳಿಯಾಗಿ ಅದರ ಮೇಲೆ ಹರಿಯಿತು. ಛಾವಣಿಯಲ್ಲಿ ಕಂಡಿ ಕೊರೆದರು. ಹಿಂಬದಿಗೆ ಅಟ್ಟಣೆ ಕಟ್ಟಿದರು. ಹಣೆಯ ಮೇಲೆ ‘ಇನ್ನೂ ಮುಂದೆ’ ಎಂಬ ಅರ್ಥದ ‘ಫರ್ದರ್’ ಎಂಬ ಹೆಸರು ಬರೆಯಲಾಯಿತು—ಮೊದಲಿಗೆ ಒಂದು ಅಕ್ಷರ ತಪ್ಪಿತ್ತು! ಫೀನಿಕ್ಸ್ ನಗರದಲ್ಲಿ, ಆ ವರ್ಷದ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಬ್ಯಾರಿ ಗೋಲ್ಡ್‌ವಾಟರರನ್ನು ಅಣಕಿಸುವ ಘೋಷಣೆಯೊಂದು ಬಸ್ಸಿನ ಪಕ್ಕೆಯ ಮೇಲೆ ಮೂಡಿತು. ಹೀಗೆ ಬಣ್ಣದ ಮೇಲೆ ಬಣ್ಣ ಬೀಳುತ್ತಲೇ ಹೋಯಿತು. ಬಸ್ಸಿಗೆ ಒಂದು ನಿಶ್ಚಿತ ರೂಪವೆಂಬುದೇ ಇರಲಿಲ್ಲ. ಇಂದಿನ ಚಿತ್ರ ನಾಳೆಗೆ ತಳಪಾಯ. 1968ರಲ್ಲಿ ಟಾಮ್ ವುಲ್ಫ್ ಈ ತಂಡದ ಕಥೆಯನ್ನು ಗ್ರಂಥವಾಗಿಸಿದ ಮೇಲಂತೂ ಆ ಮೋಟಾರು ಮನೆ ಒಂದು ಕಾಲಘಟ್ಟದ ಸಂಕೇತವೇ ಆಗಿಬಿಟ್ಟಿತು.

1969ರ ವುಡ್‌ಸ್ಟಾಕ್ ಸಂಗೀತೋತ್ಸವಕ್ಕೆ ಹೋಗಿಬಂದದ್ದು ಅದರ ಕೊನೆಯ ದೊಡ್ಡ ಯಾತ್ರೆ. ಆಮೇಲೆ ಒರೆಗಾನ್ ರಾಜ್ಯದ ಪ್ಲೆಸೆಂಟ್ ಹಿಲ್ ಎಂಬಲ್ಲಿದ್ದ ಕೀಸಿಯ ಹೊಲದಲ್ಲಿ ಅದು ನಿಂತಿತು. ಕೊನೆಗೆ ಜೌಗುನೆಲದ ಮರಗಳ ನಡುವೆ, ಮಳೆಗೂ ಪಾಚಿಗೂ ಮೈಯೊಡ್ಡಿಕೊಂಡು, ಮೂಲೆಗುಂಪಾಯಿತು.

ಅಲಂಕಾರವೋ ಕವಚವೋ?

ಬಸ್ಸು ಅಲ್ಲಿಯೇ ನಿಂತಿರಲಿ. ಹಳೆಯ ವಾಹನದ ಮೈಮೇಲೆ ಬಣ್ಣ ಮಾಡುವ ಕೆಲಸವೇನು ಎಂಬುದನ್ನು ಮೊದಲು ತಿಳಿಯಬೇಕು. ಬಣ್ಣದಲ್ಲಿ ಮುಖ್ಯವಾಗಿ ಎರಡು ವಸ್ತುಗಳುಂಟು: ಬಣ್ಣ ಕೊಡುವ ಪುಡಿ, ಆ ಪುಡಿಯನ್ನು ಹಿಡಿದು ಕೂರಿಸುವ ಅಂಟು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ವರ್ಷವರ್ಷವೂ ಈ ಅಂಟನ್ನು ಒಡೆಯುತ್ತವೆ. ಅಂಟು ಸತ್ತಾಗ ಪುಡಿ ಸಡಿಲವಾಗುತ್ತದೆ. ಮೈ ಸವರಿದರೆ ಬೆರಳಿಗೆ ಸೀಮೆಸುಣ್ಣದಂತೆ ಹತ್ತುತ್ತದೆ. ಇದು ಮೇಲುಚರ್ಮದ ಮುಪ್ಪು. ಇದರಿಂದ ಅಂದಗೆಡುತ್ತದೆಯೇ ಹೊರತು ಜೀವಕ್ಕೆ ಅಪಾಯವಿಲ್ಲ.

ಉಕ್ಕಿನ ಮೈಯಲ್ಲಿ ಬಣ್ಣ ಬಿರುಕು ಬಿಟ್ಟಿತೆಂದರೆ ಕಥೆ ಬೇರೆ. ನೀರೂ ಗಾಳಿಯೂ ಒಳಹೊಕ್ಕು ಕಬ್ಬಿಣವನ್ನು ತುಕ್ಕಾಗಿಸುತ್ತವೆ. ತುಕ್ಕು ತಾನು ತಿಂದ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಸುತ್ತಲಿನ ಒಳ್ಳೆಯ ಬಣ್ಣವನ್ನೂ ಎಬ್ಬಿಸುತ್ತದೆ. ಎಬ್ಬಿದ ಬಣ್ಣದಡಿ ಮತ್ತೆ ನೀರು, ಮತ್ತೆ ತುಕ್ಕು. ಮೇಲಿಂದ ನೋಡಿದರೆ ಹೆಸರುಕಾಳಿನಷ್ಟು ಗುಳ್ಳೆ. ಒತ್ತಿದರೆ ಬೆರಳು ತೂರುವಷ್ಟು ತೂತು.

ಆದುದರಿಂದ ಯಜಮಾನನು ಕೇಳಬೇಕಾದ ಮೊದಲ ಪ್ರಶ್ನೆ, ಬಣ್ಣದಡಿಯಲ್ಲಿರುವ ಮೈ ಯಾವುದರದು ಎಂಬುದು. ಫೋಕ್ಸ್‌ವ್ಯಾಗನ್ ಕಂಪನಿಯ ಟೈಪ್ 2 ವ್ಯಾನನ್ನು ತೆಗೆದುಕೊಳ್ಳಬಹುದು. ಬೆನ್ ಪಾನ್ ಎಂಬ ಡಚ್ ವರ್ತಕ 1947ರಲ್ಲಿ ಗೀಚಿದ ಒಂದು ರೇಖಾಚಿತ್ರದಿಂದ ಹುಟ್ಟಿ, 1950ರಲ್ಲಿ ಕಾರ್ಖಾನೆಯಿಂದ ಹೊರಬಂದ ವಾಹನ ಅದು. ಮರುವರ್ಷವೇ ವೆಸ್ಟ್‌ಫಾಲಿಯಾ ಕಂಪನಿ ಅದರೊಳಗೆ ಮಂಚ ಕಪಾಟುಗಳನ್ನು ಅಳವಡಿಸತೊಡಗಿತು. ಅದರ ಮೈ ಪೂರ್ತಿ ಉಕ್ಕು. ಛಾವಣಿಯ ಅಂಚಿನ ನೀರುಗಾಲುವೆ, ಗಾಲಿಯ ಮೇಲಿನ ಕಮಾನು, ಬಾಗಿಲ ಕೆಳಗಿನ ಹೊಸ್ತಿಲು—ತುಕ್ಕು ಬೀಡುಬಿಡುವುದು ಇಲ್ಲಿಯೇ. ಇಂಥ ಗಾಡಿಗೆ ಬಣ್ಣವೆಂಬುದು ಒಡವೆಯಲ್ಲ, ಕವಚ.

ಜನರಲ್ ಮೋಟಾರ್ಸ್ ಸಂಸ್ಥೆ 1973ರಿಂದ 1978ರವರೆಗೆ ತಯಾರಿಸಿದ ಜಿಎಂಸಿ ಮೋಟಾರು ಮನೆಯ ಸ್ಥಿತಿ ಇದಕ್ಕೆ ಹೊರತು. ಇಪ್ಪತ್ತಮೂರು ಅಡಿ, ಇಪ್ಪತ್ತಾರು ಅಡಿ ಉದ್ದದ, ಆರು ಗಾಲಿಗಳ ಈ ವಾಹನದ ಹೊರಮೈ ಅಲ್ಯೂಮಿನಿಯಂ ಮತ್ತು ಫೈಬರ್‌ಗ್ಲಾಸಿನದು. ಬಣ್ಣ ಮಾಸಿದರೆ ಮೈ ಕರಗುವುದಿಲ್ಲ. ಬಣ್ಣಕ್ಕೆ ಸುರಿಯುವ ಹಣವನ್ನು ಅಡಿಯ ಉಕ್ಕಿನ ಚೌಕಟ್ಟಿಗೋ, ಬ್ರೇಕಿಗೋ, ಕಿಟಕಿಯ ರಬ್ಬರಿಗೋ ವ್ಯಯಿಸುವುದು ಎಷ್ಟೋ ಮೇಲು. ಮೋಟಾರು ಮನೆಗಳ ಪರಮ ವೈರಿ ಬಿಸಿಲಲ್ಲ, ಸೋರುವ ಛಾವಣಿ. ಸೋರಿಕೆ ನಿಲ್ಲಿಸದೆ ಮೈಗೆ ಹೊಳಪು ಕೊಡುವುದೆಂದರೆ ಒಳಗೆ ಜ್ವರವಿಟ್ಟುಕೊಂಡು ಹೊರಗೆ ಗಂಧ ಪೂಸಿಕೊಂಡಂತೆ.

ಕೈ ಹಾಕುವ ಮುನ್ನ

ನಿಜವಾಗಿಯೂ ಹೊಸ ಬಣ್ಣ ಬೇಕೇ ಎಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. ಮರೆಯಾದ ಒಂದು ಮೂಲೆಯನ್ನು ತೊಳೆದು, ಹೊಳಪುಲೇಪ ಹಚ್ಚಿದ ಬಿಳಿಯ ಬಟ್ಟೆಯಿಂದ ಮೆಲ್ಲನೆ ಉಜ್ಜಬೇಕು. ಹಳೆಯ ಕಾಲದ ಒಂಟಿ ಲೇಪದ ಬಣ್ಣವಾದರೆ ಬಟ್ಟೆಗೆ ಬಣ್ಣ ಹತ್ತುತ್ತದೆ. ಸತ್ತ ಪದರ ಹೋಗಿ ಅಡಿಯ ಜೀವಂತ ಬಣ್ಣ ಮೇಲೇಳುತ್ತದೆ. ತೀರಾ ಸತ್ತಂತೆ ಕಂಡ ಮೈ ಒಂದೆರಡು ದಿನದ ತೋಳ್ಬಲದಿಂದ ಬೆಳಗುವುದುಂಟು. ತಳಲೇಪ ಇಣುಕಿತೆಂದರೆ ಮಾತ್ರ ನಿಲ್ಲಿಸತಕ್ಕದ್ದು. ಅಲ್ಲಿಗೆ ಬಣ್ಣದ ಆಯುಷ್ಯ ತೀರಿತು. 1980ರ ದಶಕದಿಂದೀಚೆಗೆ ಬಳಕೆಗೆ ಬಂದ, ಬಣ್ಣದ ಮೇಲೊಂದು ಪಾರದರ್ಶಕ ಲೇಪವುಳ್ಳ ಗಾಡಿಗಳಲ್ಲಿ ಆ ಮೇಲುಲೇಪವೇ ಸಿಪ್ಪೆಯೆದ್ದರೆ ಉಜ್ಜಿ ಪ್ರಯೋಜನವಿಲ್ಲ.

ಹೊಸ ಬಣ್ಣವೆಂದು ನಿಶ್ಚಯವಾದರೆ ಬಣ್ಣ ಹೊಡೆಯುವುದು ಅಲ್ಪಕಾಲದ ಕೆಲಸ. ಅದರ ಸಿದ್ಧತೆಯೇ ದೊಡ್ಡ ಕೆಲಸ. ಕಿಟಕಿ, ದೀಪ, ಹಿಡಿಕೆಗಳನ್ನು ಕಳಚಬೇಕು. ತುಕ್ಕನ್ನು ಬೇರುಸಹಿತ ಕಿತ್ತು ಉಕ್ಕಿನ ತೇಪೆ ಹಾಕಬೇಕು. ಇಡೀ ಮೈಯನ್ನು ಉಜ್ಜಿ ನುಣುಪುಗೊಳಿಸಬೇಕು. ಕೂಲಿಯ ಬಹುಭಾಗ ಹೋಗುವುದು ಇದಕ್ಕೆ. ಇದನ್ನು ಉಳಿಸಲು ಹೋದವರ ಹೊಸ ಬಣ್ಣ ಒಂದೆರಡು ಮಳೆಗಾಲದಲ್ಲಿಯೇ ಗುಳ್ಳೆಯೇಳುತ್ತದೆ. ಇನ್ನು ಆರೋಗ್ಯದ ಮಾತು. ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಂಭವವುಂಟು. ಒಣಗಿದ್ದಂತೆಯೇ ಉಜ್ಜಿದರೆ ಎದ್ದ ಧೂಳು ಮನೆಯ ಎಳೆಯ ಮಕ್ಕಳಿಗೆ ವಿಷ. ಈಗಿನ ಗಟ್ಟಿ ಪಾಲಿಯುರಿಥೇನ್ ಬಣ್ಣಗಳಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಉಸಿರಿನೊಡನೆ ಒಳಸೇರಿದರೆ ಉಬ್ಬಸ ತರಬಲ್ಲದು. ಗಾಳಿ ಒದಗಿಸುವ ಮುಖವಾಡವಿಲ್ಲದೆ, ಮನೆಯ ಹಿತ್ತಿಲಿನಲ್ಲಿ ಮಾಡತಕ್ಕ ಕೆಲಸ ಅದಲ್ಲ.

ಮೂಲವೆಂಬುದು ಯಾವುದು?

ಹಣ, ಆರೋಗ್ಯಗಳ ಲೆಕ್ಕ ಮುಗಿದ ಮೇಲೂ ನೆನಪಿನ ಪ್ರಶ್ನೆ ಉಳಿಯುತ್ತದೆ. ಮಿಲಿಂದ ಅರಸನೊಡನೆ ನಾಗಸೇನ ಭಿಕ್ಷು ರಥದ ವಿಷಯವಾಗಿ ನಡೆಸಿದ ಸಂವಾದವನ್ನು ವಾಚಕರು ಕೇಳಿರಬಹುದು. ಅಚ್ಚು ರಥವೇ? ಗಾಲಿ ರಥವೇ? ಮೂಕಿ ರಥವೇ? ಯಾವುದೂ ಅಲ್ಲ, ಆದರೂ ರಥವೆಂಬುದೊಂದುಂಟು. ಹಳೆಯ ಗಾಡಿಯ ಒಡೆಯನೂ ಇದೇ ಜಿಜ್ಞಾಸೆಗೆ ಸಿಕ್ಕಿಕೊಳ್ಳುತ್ತಾನೆ. ತಂದೆ ಹಚ್ಚಿದ ಬಣ್ಣ, ತಾಯಿ ಒರಗಿ ಒರಗಿ ಸವೆದ ಬಾಗಿಲಿನ ಅಂಚು, ಮಕ್ಕಳಾಗಿದ್ದಾಗ ತಾವೇ ಗೀರಿದ ಗುರುತು ಎಲ್ಲವನ್ನೂ ಉಜ್ಜಿ ಹೊಸತು ಮಾಡಿದ ಮೇಲೆ ನಿಂತಿರುವುದು ಅದೇ ಗಾಡಿಯೇ?

ವಸ್ತುಸಂಗ್ರಹಾಲಯಗಳ ತಜ್ಞರು ಇದಕ್ಕೊಂದು ನಡುದಾರಿ ಕಂಡುಕೊಂಡಿದ್ದಾರೆ. ಅವರು ಮೊದಲು ಗೋಲಿಯಗಲದ ಒಂದು ತಾಣವನ್ನು ಇಳಿಜಾರಾಗಿ ಉಜ್ಜಿ, ಮರದ ಕಾಂಡದ ವರ್ಷಬಳೆಗಳಂತೆ ಬಣ್ಣದ ಪದರಗಳನ್ನೆಲ್ಲ ಬಯಲಿಗೆ ತಂದು ಚಿತ್ರ ತೆಗೆದಿಡುತ್ತಾರೆ. ಸಡಿಲವಾದ ಹಳೆಯ ಬಣ್ಣವನ್ನು ಅಂಟಿನಿಂದ ಕೂರಿಸುತ್ತಾರೆ. ಬಣ್ಣ ಉದುರಿಹೋದ ಎಡೆಯಲ್ಲಿ ಮಾತ್ರ ಹೊಸತನ್ನು ತುಂಬುತ್ತಾರೆ. ಅದೂ ಮುಂದೆಂದಾದರೂ ಹಳತಕ್ಕೆ ನೋವಾಗದಂತೆ ತೆಗೆದುಹಾಕಬಹುದಾದ ಬಣ್ಣ. ಮೇಲೊಂದು ಮೇಣದ ಲೇಪ. ಸಾಮಾನ್ಯ ಗೃಹಸ್ಥನೂ ಇದರಿಂದ ಕಲಿಯುವುದುಂಟು: ತುಕ್ಕು ಹಿಡಿದಲ್ಲಿಗೆ ಮದ್ದು, ಉಳಿದುದಕ್ಕೆ ಮೇಣ ಮತ್ತು ಮಾಡಿನ ನೆರಳು.

ಇಷ್ಟಾದ ಮೇಲೆ ಮತ್ತೆ ಒರೆಗಾನಿನ ಬಸ್ಸಿಗೆ ಬರಬಹುದು. 1990ರಲ್ಲಿ ಕೀಸಿ ಒಂದು ತಮಾಷೆ ಹೂಡಿದನು. 1947ರಲ್ಲಿ ತಯಾರಾಗಿದ್ದ ಬೇರೊಂದು ಬಸ್ಸಿಗೆ ಹಳೆಯದರ ರೀತಿಯಲ್ಲಿ ಝಗಝಗಿಸುವ ಬಣ್ಣ ಬಳಿದು, ಇದೇ ಆ ಪ್ರಸಿದ್ಧ ಬಸ್ಸು, ವಾಷಿಂಗ್‌ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಕಾಣಿಕೆಯಾಗಿ ಹೊರಟಿದೆ ಎಂದು ಸಾರಿದನು. ಬಣ್ಣವೇನೋ ಮೂಲದ್ದಕ್ಕಿಂತ ಸೊಗಸಾಗಿಯೇ ಇತ್ತು. ಆದರೆ ಗುಟ್ಟು ಬಯಲಾಯಿತು. ಆ ಬಸ್ಸು ಸ್ಮಿತ್‌ಸೋನಿಯನ್ ಸೇರಲಿಲ್ಲ. ಹೊಳೆಯುವ ಹೊಸತು ಬಾಗಿಲಿಗೆ ಬಂದರೂ, ಬೆಲೆಯುಳ್ಳದ್ದು ಜೌಗಿನಲ್ಲಿ ಕೊಳೆಯುತ್ತಿದ್ದ ಹಳತೇ ಎಂಬುದು ಎಲ್ಲರಿಗೂ ಗೊತ್ತಿತ್ತು.

2001ರ ನವೆಂಬರಿನಲ್ಲಿ ಕೀಸಿ ತೀರಿಕೊಂಡನು. 2005ರಲ್ಲಿ ಅವನ ಕುಟುಂಬದವರು ಹಳೆಯ ಬಸ್ಸನ್ನು ಜೌಗಿನಿಂದ ಎಳೆಸಿ ಮೇಲೆ ತಂದರು. ಲೋಹವನ್ನು ತುಕ್ಕು ತಿಂದಿತ್ತು, ಪಾಚಿ ಮೈತುಂಬ ಹಬ್ಬಿತ್ತು. ಆದರೂ ಅದರ ನಡುವೆ ಹಳೆಯ ಕುಂಚಗಳ ಗುರುತು ಅಲ್ಲಲ್ಲಿ ಉಳಿದಿತ್ತು. ಅದನ್ನು ಮೊದಲಿನಂತೆ ಮಾಡಬೇಕೆಂಬ ಆಸೆ ಅವರದು. ಆದರೆ ‘ಮೊದಲಿನಂತೆ’ ಎಂದರೆ ಯಾವಾಗಿನಂತೆ? 1964ರ ಜೂನಿನಂತೆಯೆ, ಫೀನಿಕ್ಸ್ ನಗರದಲ್ಲಿದ್ದಂತೆಯೆ, 1969ರಂತೆಯೆ? ಒಂದು ರೂಪವನ್ನು ಬಳಿದರೆ ಉಳಿದ ರೂಪಗಳು ಅದರಡಿ ಹುದುಗುತ್ತವೆ. ಬಳಿಯದೆ ಬಿಟ್ಟರೆ ಎಲ್ಲ ರೂಪಗಳನ್ನೂ ತುಕ್ಕು ತಿನ್ನುತ್ತದೆ.

ನಿರ್ಧಾರ ಕಠಿನ ನಿಜ. ಆದರೆ ಆ ಬಸ್ಸಿನ ಪಾಡಿನಿಂದ ಒಂದು ಮಾತು ಮಾತ್ರ ಸ್ಪಷ್ಟ. ಕೆಟ್ಟ ಬಣ್ಣ ಬಳಿದುದರಿಂದ ಅದು ಹಾಳಾಗಲಿಲ್ಲ. ಬಣ್ಣ ಬಳಿಯದುದರಿಂದಲೂ ಅಲ್ಲ. ಮಳೆಯಲ್ಲಿ ನಿಲ್ಲಿಸಿ ಮರೆತುದರಿಂದ ಹಾಳಾಯಿತು. ಹಳೆಯ ಮೋಟಾರು ಮನೆಯ ಯಜಮಾನರು ಬಣ್ಣದ ಡಬ್ಬಿಗೆ ಹಣ ತೆರುವ ಮುನ್ನ ತಲೆಯ ಮೇಲೊಂದು ಮಾಡು ಕಟ್ಟಿಸಿದರೆ, ಯೋಚಿಸುವುದಕ್ಕೆ ಅವರಿಗೂ ಕಾಲಾವಕಾಶ ಸಿಕ್ಕೀತು. ಗಾಡಿಗೂ ಆಯುಷ್ಯ ಉಳಿದೀತು. ಬಣ್ಣವನ್ನು ಮುಂದಿನ ವರ್ಷವೂ ಬಳಿಯಬಹುದು. ಒಮ್ಮೆ ಉಜ್ಜಿ ತೆಗೆದದ್ದನ್ನು ಮಾತ್ರ ಮರಳಿ ಹಚ್ಚಲು ಬಾರದು.